ಏಳನೇ ನಂಬರಿನ ಇಪ್ಪತ್ಮೂರು ಮೆಟ್ಟಿಲು

ಹೋದ ತಿಂಗಳು ನಮ್ಮ ಮನೆಯ ಕಿಟಕಿ ಸರಳುಗಳಿಗೆ ಬಣ್ಣ ಹಚ್ಚುವವರು ಬಂದಿದ್ದರು. ಬಿಳಿ ಎಣ್ಣೆಬಣ್ಣದ ಡಬ್ಬಿಯ ಮುಚ್ಚಳವನ್ನು ಅವರು ಸ್ಕ್ರೂಡ್ರೈವರಿನಿಂದ ಮೀಟಿದ ಕೂಡಲೇ ಆ ವಾಸನೆ ಅಡುಗೆಮನೆಯವರೆಗೆ ಬಂತು. ಹಿಟ್ಟು ನಾದುತ್ತಿದ್ದ ಕೈ ಹಾಗೇ ನಿಂತಿತು. ಮೂವತ್ತು ವರ್ಷಕ್ಕೂ ಹಿಂದಿನ ರಾಯಚೂರು, ಮಳೆಯೇ ಸರಿಯಾಗಿ ಬಾರದ ಒಂದು ಮಳೆಗಾಲ, ಹೊಳೆ ದಂಡೆಯಲ್ಲಿ ಮೊಣಕಾಲೂರಿ ಕೂತು ಗೋಡೆಯ ಮೇಲೆ ಅಂಕಿ ಬರೆದ ಒಂದು ಮಧ್ಯಾಹ್ನ, ಎಲ್ಲವೂ ಒಟ್ಟಿಗೆ ನೆನಪಾದವು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ನಾಲ್ಕು ವರ್ಷ. ನಮ್ಮದು ಗುಂಜಹಳ್ಳಿ. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿದು ನನ್ನನ್ನು ಹಾಸ್ಟೆಲಿನಲ್ಲಿಟ್ಟು ಬಿ.ಎಸ್ಸಿ. ಓದಿಸಿದ್ದರು. ಆಮೇಲೆ ಹೈದರಾಬಾದಿನಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತೆ. ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕಾಗ ಅಪ್ಪ ಇರಲಿಲ್ಲ. ಅವ್ವನನ್ನು ಕರೆತಂದು ಸ್ಟೇಷನ್ ಕಡೆಗೆ ಎರಡು ಖೋಲಿಯ ಬಾಡಿಗೆ ಮನೆ ಹಿಡಿದೆ. ಅವ್ವ ಓಣಿಯಲ್ಲಿ ಎಲ್ಲರಿಗೂ, "ನಮ್ಮ ಸುಜಾತಾ ಮಶೀನಿಗೆ ಓದಸ್ತಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅದನ್ನು ತಿದ್ದುವ ಅಗತ್ಯ ನನಗೆ ಕಾಣಲಿಲ್ಲ.

ಆ ಯಂತ್ರವಿದ್ದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕಿತ್ತು. ಊರೆಲ್ಲ ಬೆಂಕಿಯಂತೆ ಕಾಯುವಾಗ ಅದೊಂದು ಕೋಣೆಯಲ್ಲಿ ಮಾತ್ರ ತಂಪು. ಹೊಲದ ಬೆಳೆ, ಮಳೆ, ಹೊಳೆಯ ನೀರಿನ ಮಟ್ಟ, ಇವುಗಳ ಲೆಕ್ಕ ಹಾಕುವುದು ನಮ್ಮ ಕೆಲಸ. ಅದರ ಪ್ರೋಗ್ರಾಂ ನಮ್ಮೊಬ್ಬರದೇ ಆಗಿರಲಿಲ್ಲ. ಯಾವುದೋ ಜಿಲ್ಲೆಯಲ್ಲಿ ಯಾರೋ ಶುರುಮಾಡಿದ್ದು, ಫ್ಲಾಪಿಯಲ್ಲಿ ಅಂಚೆಯ ಮೂಲಕ ಐದು ಜಿಲ್ಲೆಗಳಿಗೆ ಹರಡಿತ್ತು. ಯಾರು ಬೇಕಾದರೂ ಅದನ್ನು ಬಿಚ್ಚಿ ನೋಡಬಹುದು, ತಮಗೆ ಬೇಕಾದ್ದನ್ನು ಸೇರಿಸಬಹುದು. ಸೇರಿಸಿದ ಮೇಲೆ ತುದಿಯಲ್ಲಿ ತಮ್ಮ ಹೆಸರು ಬರೆದು, ಎರಡು ರಟ್ಟಿನ ನಡುವೆ ಫ್ಲಾಪಿ ಇಟ್ಟು ಉಳಿದ ನಾಲ್ವರಿಗೂ ಕಳಿಸಬೇಕು. ಇಷ್ಟೇ ಕಟ್ಟಳೆ. ಸೇರಿಸಲು ಎಲ್ಲರಿಗೂ ಹುರುಪು. ತೆಗೆಯಲು ಯಾರಿಗೂ ಧೈರ್ಯವಿಲ್ಲ. ಹೀಗಾಗಿ ನಾನು ಸೇರುವ ಹೊತ್ತಿಗೆ ಅದು ಒಂದು ಫ್ಲಾಪಿಯಲ್ಲಿ ಹಿಡಿಯದಷ್ಟು ಬೆಳೆದಿತ್ತು. ಅರ್ಧದಷ್ಟು ಭಾಗ ಯಾಕಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ನಮಗೆ ಮುಖ್ಯವಾದದ್ದು ಹೊಳೆ. ರಾಯಚೂರಿನಲ್ಲಿ ಮಳೆ ಬಿದ್ದರೆ ಕೃಷ್ಣೆಗೆ ಏನೂ ಆಗುವುದಿಲ್ಲ. ಎಲ್ಲೋ ಮೇಲೆ, ಘಟ್ಟದ ಕಡೆ ಸುರಿಯಬೇಕು. ಆಮೇಲೆ ಮೂರ್ನಾಲ್ಕು ದಿನಕ್ಕೆ ಇಲ್ಲಿ ಕೆಂಡದಂಥ ಬಿಸಿಲಿರುವಾಗಲೇ ಹೊಳೆ ಕೆಂಪಾಗಿ ಏರುತ್ತದೆ. ನದಿ ದಂಡೆಯ ಕೆಲವು ಊರುಗಳಲ್ಲಿ ನೀರು ನೋಡುವವರು ದಿನಕ್ಕೆರಡು ಸಲ ಮಟ್ಟ ನೋಡಿ ಹತ್ತಿರದ ಪೊಲೀಸ್ ಚೌಕಿಗೆ ಹೇಳುತ್ತಿದ್ದರು. ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಅದು ನಮಗೆ ಒಂದು ಚೀಟಿಯಾಗಿ ಬರುತ್ತಿತ್ತು. ಚೀಟಿಯಲ್ಲಿ ಎರಡೇ ಸಂಗತಿ: ಜಾಗದ ನಂಬರು, ನೀರಿನ ಅಂಕಿ. ಯಂತ್ರ ಲೆಕ್ಕ ಹಾಕಿ, ಯಾವ ಊರಿಗೆ ಅಪಾಯ, ಯಾರನ್ನು ಎಬ್ಬಿಸಬೇಕು ಎಂಬ ಹಾಳೆ ಮುದ್ರಿಸುತ್ತಿತ್ತು. ಸಂಜೆ ಆರರೊಳಗೆ ಆ ಹಾಳೆ ಮೇಲಿನ ಕಚೇರಿ ಮುಟ್ಟಬೇಕು.

ಆ ವರ್ಷದ ಮೊದಲ ಹಾಳೆಯೇ ನಮ್ಮ ಮಾನ ತೆಗೆಯಿತು. ಜೂನ್ ತಿಂಗಳ ಕೊನೆ. ಏಳನೇ ನಂಬರಿನ ಜಾಗ ಎಂದರೆ ದೇವದುರ್ಗ ತಾಲೂಕಿನಲ್ಲಿ ಗೂಗಲ್ ಎಂಬ ಊರು ದಾಟಿ ಮುಂದೆ, ದಂಡೆಯ ಮೇಲಿರುವ ಒಂದು ಸಣ್ಣ ಊರು. ಅಲ್ಲಿಂದ ಐದು ಪಾಯಿಂಟ್ ಎರಡು ಎಂಬ ಅಂಕಿ ಬಂತು. ನಾನು ಅದನ್ನು ಒತ್ತಿದೆ. ಪ್ರಿಂಟರ್ ಕರಕರ ಎಂದು, ಏಳನೇ ನಂಬರಿಗೆ ಭಾರಿ ಅಪಾಯ, ಕೆಳ ಓಣಿಯ ಮನೆಗಳನ್ನು ಕೂಡಲೇ ಖಾಲಿ ಮಾಡಿಸಬೇಕು ಎಂದು ಹಾಳೆ ಹೊರಹಾಕಿತು. ಜೀಪು ಹೋಯಿತು. ಹೋದವರಿಗೆ ಕಂಡದ್ದು ಮೊಣಕಾಲುದ್ದ ನೀರಿನಲ್ಲಿ ಮಲಗಿದ್ದ ಎಮ್ಮೆಗಳು.

ಮರುದಿನ ನಮ್ಮ ಸಾಹೇಬರಾದ ವೆಂಕಟರಾವ್ ಸರ್ ಮೇಲಿನ ಕಚೇರಿಯಿಂದ ಬೈಸಿಕೊಂಡು ಬಂದರು. ಟೊಪ್ಪಿಗೆಯನ್ನು ಮೇಜಿನ ಮೇಲೆ ಬಿಸಾಕಿ, "ಎಮ್ಮಿಗೋಳ್ನ ಸಾಲ್ಯಾಗ ಕಟ್ಟಿಸೋಣೇನು ಅಂತ ಕೇಳಿದ್ರವ್ವ ನನಗ" ಎಂದರು.

ನನ್ನ ಕಿವಿ ಕಾದವು. "ಸರ್, ನಾ ಅಂಕಿ ಸರಿನೇ ಹಾಕೀನ್ರಿ."

"ಹಾಕಿರಬೌದು. ಇನ್ನ ಮ್ಯಾಲೆ ಏಳನೇ ನಂಬರಿನ ಹಾಳಿ ಹರದು ಇಟ್ಕೋರಿ. ಮ್ಯಾಲೆ ಕಳಸಬ್ಯಾಡ್ರಿ. ಆ ಹಾಳಿ ಯಾರೂ ನಂಬಾಂಗಿಲ್ಲ ಅಂದಾರ."

ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹಾಳೆ ಹರಿದಿಟ್ಟುಕೊಂಡರೆ ಹೊಳೆಯೇನು ನಿಲ್ಲುತ್ತದೆಯೇ? ಒಂದು ವಾರ ಕೂತು ಪ್ರೋಗ್ರಾಮಿನ ಸಾಲುಗಳನ್ನು ಹಿಂದಿನಿಂದ ಮುಂದಕ್ಕೆ ಓದಿದೆ. ಏಳನೇ ನಂಬರಿನ ಅಂಕಿ ಮಾತ್ರ ಬೇರೆಯವುಗಳ ಜೊತೆ ಹೋಗದೆ ಒಂದು ಕವಲು ಹಿಡಿದು ಒಂದು ತುಂಡಿನೊಳಗೆ ಹೊಕ್ಕು ಬರುತ್ತಿತ್ತು. ಆ ತುಂಡಿಗೆ ಇಂಗ್ಲಿಷಿನ ನಾಲ್ಕು ಅಕ್ಷರದ ಹೆಸರು: ಎಸ್, ಐ, ಡಿ, ಐ. ಅದರೊಳಗೆ ಇಪ್ಪತ್ಮೂರು ಅಂಕಿಗಳ ಒಂದು ಪಟ್ಟಿ. ಒಂದಕ್ಕೊಂದು ತಾಳೆಯಿಲ್ಲ. ಎಂಟು, ಏಳೂವರೆ, ಒಂಬತ್ತು, ಆರು ಮುಕ್ಕಾಲು. ಯಾಕೆ, ಏನು ಎಂದು ಒಂದು ಮಾತೂ ಬರೆದಿಲ್ಲ. ತುದಿಯಲ್ಲಿ ಹೆಸರು ಮಾತ್ರ ಇತ್ತು: ಖಾಜಾ ಹುಸೇನ್.

ಆ ಹೆಸರು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಯಂತ್ರ ಬಂದ ಮೊದಲ ವರ್ಷ ಅದನ್ನು ಮುಟ್ಟಲು ಧೈರ್ಯ ಮಾಡಿದ ಗುಮಾಸ್ತರು ಅವರು. ಪುಸ್ತಕ ಓದಿಯೇ ಪ್ರೋಗ್ರಾಂ ಬರೆಯಲು ಕಲಿತವರು. ಆಮೇಲೆ ಕಣ್ಣಿನ ನರ ಒಣಗುತ್ತ ಬಂದು, ತಾವಾಗಿಯೇ ನೌಕರಿ ಬಿಟ್ಟು ಮಾನ್ವಿಗೆ ಹೋಗಿ ತಮ್ಮನ ಅಂಗಡಿಯಲ್ಲಿ ಕೂತಿದ್ದರು. ಅವರು ಹೋಗಿ ಎರಡು ವರ್ಷವಾದರೂ ಅವರ ಬರಹವನ್ನು ಯಾರೂ ಮುಟ್ಟಿರಲಿಲ್ಲ.

ಆ ತುಂಡನ್ನು ಬದಿಗಿಟ್ಟು ಅಂಕಿಯನ್ನು ನೇರವಾಗಿ ಹಾಯಿಸಿ ನೋಡಿದೆ. ಏಳನೇ ನಂಬರು ಅಕ್ಕಪಕ್ಕದ ಊರುಗಳ ಜೊತೆ ಸರಿಯಾಗಿ ಹೊಂದಿಕೊಂಡಿತು. ಹಳೆಯ ಚೀಟಿಗಳನ್ನೂ ತೆಗೆದು ನೋಡಿದೆ. ಹೋದ ವರ್ಷದವರೆಗೆ ಅಲ್ಲಿಂದ ಹತ್ತೊಂಬತ್ತು, ಹದಿನೇಳು ಎಂಬ ಪೂರ್ಣ ಅಂಕಿಗಳು ಬರುತ್ತಿದ್ದವು. ಈ ವರ್ಷ ಪಾಯಿಂಟ್ ಇರುವ ಅಂಕಿ. ಚೌಕಿಗೆ ಫೋನ್ ಹಚ್ಚಿ ಕೇಳಿದಾಗ, ಬೇಸಿಗೆಯಲ್ಲಿ ಮೀಟರಿನ ಹೊಸ ಅಳತೆಕೋಲು ನೆಟ್ಟಿದ್ದಾರೆ ಎಂದರು. ಅದರ ಸೊನ್ನೆ ಹೊಳೆಯ ತಳಕ್ಕಿಂತ ಎಷ್ಟೋ ಕೆಳಗೆ, ದಂಡೆಯಲ್ಲಿ ಮೊಣಕಾಲುದ್ದ ನೀರಿದ್ದರೂ ಕೋಲು ಐದು ತೋರಿಸುತ್ತದಂತೆ. ನಮಗೆ ಯಾರೂ ತಿಳಿಸಿರಲಿಲ್ಲ. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಹಳೆಯ ತುಂಡು ಯಾವುದೋ ಹಳೆಯ ಅಳತೆಗೆ ಬರೆದದ್ದು, ಈಗ ಅದರ ಕೆಲಸವಿಲ್ಲ, ತೆಗೆದುಹಾಕಬೇಕು.

ವೆಂಕಟರಾವ್ ಸರ್ ಒಪ್ಪಲಿಲ್ಲ. "ಖಾಜಾ ಸಾಹೇಬ್ರು ಸುಮ್ನ ಬರದಿರಂಗಿಲ್ಲ. ಅದೂ ಅಲ್ದ ಅದು ಐದೂ ಜಿಲ್ಲಾದಾಗ ಅದ. ತಗದ್ರ ಯಾರ ಮನಿ ತೊಲಿ ಬೀಳ್ತದೋ ಯಾರಿಗ್ಗೊತ್ತು. ಎಲ್ಲಾರಿಗೂ ಕಾಗದ ಬರೀರಿ. ನಾಲ್ಕೂ ಉತ್ರ ಬಂದ ಮ್ಯಾಲೆ ನೋಡೋಣ."

ನಾಲ್ಕು ಕಾಗದ ಬರೆದು ಹಾಕಿದೆ. ಆ ಸಂಜೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ, ನನ್ನ ಸಪ್ಪೆ ಮುಖ ನೋಡಿ ಏನಾಯಿತೆಂದು ಕೇಳಿದಳು. ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ. ಅವಳಿಗೆ ಒಂದೇ ಸಂಗತಿ ವಿಚಿತ್ರವಾಗಿ ಕಂಡಿತು.

"ಬರದಾಂವ ಬದುಕ್ಯಾನಲ್ಲಬೇ?"

"ಬದುಕ್ಯಾರ. ಮಾನ್ವ್ಯಾಗ ಅದಾರ."

"ಮತ್ತ ನಾಕು ಜಿಲ್ಲಾಕ್ಕ ಯಾಕ ಕಾಗದ ಬರೀತಿ? ಅವಂಗ ಹೋಗಿ ಕೇಳು."

ಭಾನುವಾರ ಮಾನ್ವಿ ಬಸ್ಸು ಹತ್ತಿದೆ. ಸಂತೆಬಜಾರಿನಲ್ಲಿ ಕೇಳಿದ ಕೂಡಲೇ ಅಂಗಡಿ ತೋರಿಸಿದರು. ಹಗ್ಗ, ಬಾರುಕೋಲು, ಜರಡಿ, ಎತ್ತಿನ ಕೊರಳಗಂಟೆ ಮಾರುವ ಅಂಗಡಿ. ದಪ್ಪ ಕನ್ನಡಕದ, ತೆಳ್ಳಗಿನ, ಐವತ್ತರ ಮೇಲಿನವರೊಬ್ಬರು ಹಗ್ಗವನ್ನು ಎದೆಗೆ ಹಿಡಿದು ಮಾರು ಹಾಕುತ್ತಿದ್ದರು. ನಾನು ಕಚೇರಿಯ ಹೆಸರು ಹೇಳಿದ್ದೇ ಹಗ್ಗವನ್ನು ತಮ್ಮನ ಕೈಗೆ ಕೊಟ್ಟು, ನನ್ನ ಮುಖವಿದ್ದ ದಿಕ್ಕಿಗೆ ತಿರುಗಿ, "ಬರ್ರಿ, ಕುಂದರ್ರಿ. ಮಶೀನು ಆರಾಮ ಅದನೇನು?" ಎಂದರು. ಯಾರೋ ಬಂಧುವನ್ನು ವಿಚಾರಿಸಿದ ಹಾಗಿತ್ತು.

ಚಹಾ ಬಂತು. ನಾನು ವಿಷಯ ಹೇಳಿದೆ. ತೆಗೆಯುವ ಮಾತು ಬಂದಾಗ ಅವರ ಕೈಯಲ್ಲಿದ್ದ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು.

"ತಗೀತೀರಿ?"

"ಹೌದ್ರಿ ಸಾಹೇಬ್ರ. ಅದು ಏನು ಮಾಡ್ತದ ಅಂತನ ಯಾರಿಗೂ ಗೊತ್ತಿಲ್ರಿ. ಎಸ್, ಐ, ಡಿ, ಐ ಅಂದ್ರ ಏನಂತ ಹುಡಿಕಿ ಹುಡಿಕಿ ಸಾಕಾತ್ರಿ. ವೆಂಕಟರಾವ್ ಸರ್ ಇಂಗ್ಲಿಷ್ ಡಿಕ್ಷನರಿ ತಂದು ನೋಡಿದ್ರು."

ಅವರು ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ನಕ್ಕರು. "ಅರೇ ಬೇಟಿ, ಅದು ಇಂಗ್ಲಿಷ್ ಎಲ್ಲಿದವ್ವ? ಸೀಢಿ! ನಮ್ಮ ಮನ್ಯಾಗ ಅಂತೀವಲ್ಲ, ಸೀಢಿ. ಮೆಟ್ಟಿಲು!"

ಆಗ ಕತೆ ಹೊರಬಿತ್ತು. ಯಂತ್ರ ಬರುವ ಹಿಂದಿನ ವರ್ಷ ಆ ಊರಿನ ಕಬ್ಬಿಣದ ಅಳತೆಕೋಲು ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಹೊಸದು ಕೇಳಿದರೆ ಬರಲಿಲ್ಲ. ಊರಿನ ಗುಡಿಯಿಂದ ಹೊಳೆಗೆ ಇಳಿಯುವ ಇಪ್ಪತ್ಮೂರು ಕಲ್ಲುಮೆಟ್ಟಿಲಿದ್ದವು. ಖಾಜಾ ಸಾಹೇಬರು ಹೋಗಿ, ನೀರು ನೋಡುವವನ ಜೊತೆ ಕೂತು ಪ್ರತಿ ಮೆಟ್ಟಿಲಿನ ಎತ್ತರವನ್ನೂ ಇಂಚಿನಲ್ಲಿ ಅಳೆದರು. ಮೇಲಿನಿಂದ ಎಷ್ಟು ಮೆಟ್ಟಿಲು ಒಣಗಿವೆ ಎಂದು ಎಣಿಸಿ ಹೇಳಿದರೆ ಸಾಕು, ಯಂತ್ರ ಅದನ್ನು ನೀರಿನ ಮಟ್ಟಕ್ಕೆ ತಿರುಗಿಸುತ್ತಿತ್ತು. ಅಂಕಿ ಸಣ್ಣದಾದಷ್ಟೂ ಹೊಳೆ ದೊಡ್ಡದು. ಹೊಸ ಕೋಲಿನ ಐದು ಮೀಟರನ್ನು ಯಂತ್ರ ಐದೇ ಮೆಟ್ಟಿಲು ಉಳಿದಿವೆ ಎಂದು ತಿಳಿದು ಊರು ಬಿಡಿಸಲು ಹೊರಟಿದ್ದು ಹೀಗೆ.

"ಒಂದು ಮಳಿಗಾಲಕ್ಕಂತ ಬರದಿದ್ದೆ" ಎಂದರು ಸಾಹೇಬರು. "ಕೋಲು ಬಂದ ಮ್ಯಾಲೆ ತಗದುಬಿಡೋಣ ಅಂತ. ಅದನ್ನ ಅಲ್ಲೇ ಬರೀಬೇಕಿತ್ತು. ಬರೀಲಿಲ್ಲ. ನನಗೇ ನೆನಪಿರ್ತದಲ್ಲ ಅಂದ್ಕೊಂಡೆ. ತಗೀರಿ, ತಗೀರಿ."

ನನಗೆ ಹಗುರಾಯಿತು. ಎದ್ದು ನಿಂತೆ. ಅವರು ಮಾತ್ರ ಏಳಲಿಲ್ಲ. ಬಸಿಯ ಅಂಚನ್ನು ಬೆರಳಿನಿಂದ ಸವರುತ್ತ, "ಒಂದು ಮಾತು. ಹೊಸ ಕೋಲು ಎಲ್ಲಿ ನೆಟ್ಟಾರ?" ಎಂದು ಕೇಳಿದರು.

"ಗೊತ್ತಿಲ್ರಿ."

"ನೋಡಿಲ್ಲ?"

"ಇಲ್ರಿ."

"ಹಂಗಾದ್ರ ತಗೀಬ್ಯಾಡ್ರಿ. ಮುಂದಿನ ಐತಾರ ಹೋಗಿ ನೋಡಿ ಬರೋಣ. ನಾನೂ ಬರ್ತೀನಿ."

ಕಣ್ಣು ಕಾಣದವರು ಏನು ನೋಡುತ್ತಾರೆ ಎಂದು ನನ್ನ ಮನಸ್ಸಿಗೆ ಬಂದದ್ದು ನಿಜ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಮಾನ್ವಿಯಿಂದ ದೇವದುರ್ಗ, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಒಂದು ಹರದಾರಿ ನಡಿಗೆ. ಬಿಸಿಲು ನೆತ್ತಿ ಸುಡುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ಸಾಹೇಬರು ನನ್ನ ಹೆಗಲ ಮೇಲೆ ಎರಡು ಬೆರಳಿಟ್ಟುಕೊಂಡು ಹೊಲದ ಬದುವಿನ ಮೇಲೆ ಎಡವದೆ ನಡೆದರು. ಹೊಳೆಯ ವಾಸನೆ ನನಗಿಂತ ಮೊದಲು ಅವರಿಗೆ ಬಂತು.

ನೀರು ನೋಡುತ್ತಿದ್ದವನು ಹಿಂದಿನ ವರ್ಷ ತೀರಿಕೊಂಡಿದ್ದ. ಈಗ ಆ ಕೆಲಸ ಅವನ ಹೆಂಡತಿ ದ್ಯಾವಮ್ಮನದು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಓದು ಬರಹ ಬಾರದಿದ್ದರೂ ಅಂಕಿ ಚೆನ್ನಾಗಿ ಬರುತ್ತಿತ್ತು. ಸಾಹೇಬರನ್ನು ನೋಡಿ ಸೆರಗು ಸರಿಮಾಡಿಕೊಂಡು, "ಯಪ್ಪಾ ಸಾಬ್ರ, ಕಣ್ಣಿಗೇನಾತ್ರಿ?" ಎಂದು ಅತ್ತೇಬಿಟ್ಟಳು. ಅತ್ತು, ಕಣ್ಣೊರೆಸಿಕೊಂಡು, ನಮ್ಮನ್ನು ಕೋಲು ತೋರಿಸಲು ಕರೆದೊಯ್ದಳು.

ಕೋಲು ಗಟ್ಟಿಯಾಗಿಯೇ ಇತ್ತು. ಆದರೆ ಅದನ್ನು ನೆಟ್ಟದ್ದು ಊರಿನ ಬದಿಯ ಸಣ್ಣ ಹಳ್ಳದಾಚೆಯ ಬಂಡೆಗೆ. ಈಗ ಹಳ್ಳ ಒಣಗಿತ್ತು. ನಾವು ನಡೆದೇ ದಾಟಿದೆವು.

"ಹೊಳಿ ಏರಿದ್ರ?" ಸಾಹೇಬರು ಕೇಳಿದರು.

"ಹಳ್ಳ ತುಂಬತದ್ರಿ. ಕೋಲಿನ ಹತ್ರ ಹೋಗಾಕ ದಾರಿನ ಇರಂಗಿಲ್ಲ. ದೂರದಿಂದ ಅಂಕಿ ಕಾಣಂಗಿಲ್ರಿ."

"ಅವಾಗ ಚೌಕಿಗೆ ಏನಂತ ಹೇಳ್ತಿ?"

"ಮೆಟ್ಟಿಲು ಎಣಸಿ ಹೇಳ್ತೀನಿ. ನೀವ ಕಲಿಸಿದ್ದಲ್ರಿ ನಮ್ಮ ಮನಿಯವ್ರಿಗೆ. ನಾಕು ಉಳದಿದ್ರ ನಾಕು ಅಂತೀನಿ."

ಖಾಜಾ ಸಾಹೇಬರು ಅಲ್ಲೇ ಬಂಡೆಯ ಮೇಲೆ ಕೂತರು. ಚೀಟಿಯಲ್ಲಿ ನಮಗೆ ಬರುವುದು ಅಂಕಿ ಮಾತ್ರ. ಅದು ಮೆಟ್ಟಿಲೋ ಮೀಟರೋ ಯಾರೂ ಬರೆಯುವುದಿಲ್ಲ. ನಾನು ಆ ತುಂಡು ತೆಗೆದುಬಿಟ್ಟಿದ್ದರೆ, ಊರಿನ ಬಾಗಿಲಿಗೆ ನೀರು ಬಂದು ದ್ಯಾವಮ್ಮ "ನಾಕು" ಎಂದ ದಿನ ನಮ್ಮ ಯಂತ್ರ ಅದನ್ನು ನಾಲ್ಕು ಮೀಟರು ಎಂದು ತಿಳಿಯುತ್ತಿತ್ತು. ಹೊಳೆಯಲ್ಲಿ ನೀರೇ ಇಲ್ಲ, ಎಲ್ಲರೂ ನಿಶ್ಚಿಂತೆಯಿಂದಿರಿ ಎಂದು ಹಾಳೆ ಮುದ್ರಿಸುತ್ತಿತ್ತು. ಇಟ್ಟುಕೊಂಡರೆ ಸುಳ್ಳು ಕೂಗು, ತೆಗೆದರೆ ಸಾವು.

ನಾನು ಪ್ರೋಗ್ರಾಮಿನಲ್ಲಿ ಏನೇನು ಸೇರಿಸಿದರೆ ಎರಡನ್ನೂ ಗುರುತಿಸಬಹುದೆಂದು ಲೆಕ್ಕ ಹಾಕುತ್ತಿದ್ದೆ. ಪಾಯಿಂಟ್ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಅದನ್ನೇ ಸಾಹೇಬರಿಗೆ ಹೇಳತೊಡಗಿದೆ. ದ್ಯಾವಮ್ಮ ಕೇಳುತ್ತ ನಿಂತಿದ್ದವಳು ನಡುವೆಯೇ, "ಯವ್ವಾ, ಅಷ್ಟ್ಯಾಕ? ಕೋಲಿನ ಮ್ಯಾಲಿನ ಅಂಕಿನ ಮೆಟ್ಟಿಲಿಗೂ ಬರದುಬಿಡ್ರಿ. ನಾ ಯಾವಾಗಲೂ ಒಂದೇ ಥರ ಹೇಳ್ತೀನಿ" ಎಂದಳು.

ನಾನು ಸಾಹೇಬರ ಮುಖ ನೋಡಿದೆ. ಅವರು ಆಗಲೇ ನಗುತ್ತಿದ್ದರು.

ದ್ಯಾವಮ್ಮ ಗುಡಿಯವರನ್ನು ಕೇಳಿ ಬಂದಳು. ಕಾಲಿಡುವ ಕಲ್ಲಿಗೆ ಬಣ್ಣ ಬೇಡ, ಪಕ್ಕದ ಗೋಡೆಗೆ ಬೇಕಾದರೆ ಬರೆದುಕೊಳ್ಳಿ ಎಂದರಂತೆ. ಊರಿನಲ್ಲಿ ಯಾರೋ ಬಾಗಿಲಿಗೆ ಹಚ್ಚಿ ಉಳಿದಿದ್ದ ಅರ್ಧ ಡಬ್ಬಿ ಬಿಳಿ ಬಣ್ಣ ಸಿಕ್ಕಿತು. ಅಳೆಯುವ ಟೇಪು ನನ್ನ ಚೀಲದಲ್ಲಿತ್ತು. ದ್ಯಾವಮ್ಮ ಕೋಲಿನ ಹತ್ತಿರ ನಿಂತು ನೀರಿನ ಅಂಕಿ ಕೂಗಿದಳು. ಅದೇ ಹೊತ್ತಿಗೆ ನೀರು ಮುಟ್ಟಿದ್ದ ಮೆಟ್ಟಿಲಿನ ಪಕ್ಕದಲ್ಲಿ ನಾನು ಗೆರೆ ಎಳೆದು ಆ ಅಂಕಿ ಬರೆದೆ. ನೀರಿನ ಮಟ್ಟ ಎರಡೂ ಕಡೆ ಒಂದೇ. ಅಲ್ಲಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಅಳೆಯುತ್ತ ಹೋಗಬೇಕು.

ಟೇಪು ಹಿಡಿಯುವ ಮೊದಲೇ ಸಾಹೇಬರು ಮೆಟ್ಟಿಲಿನ ಅಂಚಿಗೆ ಅಂಗೈ ಇಟ್ಟು, "ಇಪ್ಪತ್ತೊಂದನೇದು, ಏಳೂವರಿ ಇಂಚು" ಎಂದರು. ಟೇಪು ಏಳೂವರೆ ತೋರಿಸಿತು. "ಇಪ್ಪತ್ತು, ಎಂಟು." ಎಂಟು. ಮೂರು ವರ್ಷದ ಹಿಂದೆ ಅಳೆದ ಅಂಕಿಗಳು ಅವರಿಗೆ ಬಾಯಿಪಾಠವಾಗಿದ್ದವು. ಅವರು ಹೇಳುವುದು, ನಾನು ಅಳೆದು ಹೌದೆನ್ನುವುದು, ಸೆಂಟಿಮೀಟರಿಗೆ ತಿರುಗಿಸಿ ಕೂಡಿಸಿ ಗೋಡೆಗೆ ಬರೆಯುವುದು, ದ್ಯಾವಮ್ಮ ಬಣ್ಣದ ಡಬ್ಬಿ ಮೇಲಿನ ಮೆಟ್ಟಿಲಿಗೆ ಇಡುವುದು. ಹೀಗೆ ಹತ್ತು ಮೆಟ್ಟಿಲು ಏರಿದೆವು. ಹನ್ನೊಂದನೆಯದಕ್ಕೆ ಅವರು ಒಂಬತ್ತು ಎಂದರು. ಟೇಪು ಏಳು ಎಂದಿತು.

"ಇನ್ನೊಮ್ಮೆ ನೋಡ್ರಿ."

ಇನ್ನೊಮ್ಮೆಯೂ ಏಳೇ.

"ಆ ಕಲ್ಲು ಹ್ವಾದ ವರ್ಷ ಬಿರುಕು ಬಿಟ್ಟಿತ್ರಿ. ಬ್ಯಾರೆ ಕಲ್ಲು ಕುಂದರಿಸ್ಯಾರ" ಎಂದಳು ದ್ಯಾವಮ್ಮ.

ಸಾಹೇಬರು ಆ ಕಲ್ಲನ್ನು ಎರಡೂ ಕೈಯಿಂದ ಸವರಿದರು. ಬಹಳ ಹೊತ್ತು ಸವರಿದರು. "ಹಂಗಾದ್ರ ಹ್ವಾದ ವರ್ಷದಿಂದನ ನನ್ನ ಲೆಕ್ಕ ತಪ್ಪಿತ್ತು" ಎಂದರು. ಅವರ ಧ್ವನಿಯಲ್ಲಿ ಏನೋ ಕುಸಿದಂತಿತ್ತು. ಆ ವರ್ಷ ಹೊಳೆ ಅಷ್ಟು ಏರಿರಲಿಲ್ಲ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ ಎಂದು ನಾನು ಸಮಾಧಾನ ಹೇಳಿದೆ. "ಆಗಿಲ್ಲ ಅಂತ ಸರಿ ಅಂತೇನು?" ಎಂದು ಕೇಳಿ ಅವರು ಮೇಲಿನ ಮೆಟ್ಟಿಲಿಗೆ ಕೈ ಇಟ್ಟರು. ಅಲ್ಲಿಂದ ಮುಂದೆ ಅವರು ಅಂಕಿ ಹೇಳಲಿಲ್ಲ. "ಅಳೀರಿ" ಎನ್ನುತ್ತಿದ್ದರು ಅಷ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಗೋಡೆಯ ಉದ್ದಕ್ಕೂ ಮೇಲಿನವರೆಗೆ ಅಂಕಿಗಳಿದ್ದವು. ನನ್ನ ಸೀರೆಯ ಅಂಚಿಗೆ ಬಣ್ಣ ತಾಗಿತ್ತು. ಅದು ಹೋಗಲೇ ಇಲ್ಲ.

ಸೋಮವಾರ ವೆಂಕಟರಾವ್ ಸರ್ ಎಲ್ಲ ಕೇಳಿದರು. ನಾಲ್ಕು ಜಿಲ್ಲೆಗಳಲ್ಲಿ ಒಂದರಿಂದಲೂ ಉತ್ತರ ಬಂದಿರಲಿಲ್ಲ. ಕಾಯೋಣ ಎಂದರು. ನಾನೂ ಹಟ ಮಾಡಲಿಲ್ಲ. ದಿನ ಕಳೆದವು. ಆಗಸ್ಟ್ ಮೊದಲ ವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಬಂದಾಗ ಎರಡೇ ಉತ್ತರ ಕೈಯಲ್ಲಿದ್ದವು. ಹೊರಗೆ ಧೂಳೆಬ್ಬಿಸುವ ಗಾಳಿ, ಮಳೆಯ ಸುಳಿವಿಲ್ಲ.

"ಸರ್, ಇವತ್ತು ಚೀಟಿ ಎಂಟು ಮೀಟರು ಅಂತ ಬಂದ್ರ, ಹಳೇ ತುಂಡು ಎಂಟು ಮೆಟ್ಟಿಲು ಉಳದಾವ ಅಂತದ್ರಿ. ಹೊಳಿ ಏರಿದಂಗೆಲ್ಲಾ ಇಳಿಯಾಕತ್ತದ ಅಂತದ್ರಿ" ಎಂದೆ.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಆಮೇಲೆ ಒಂದು ಹಾಳೆ ಎಳೆದುಕೊಂಡು, ಈ ಭಾಗವನ್ನು ತಮ್ಮ ಜವಾಬ್ದಾರಿಯ ಮೇಲೆ ನಮ್ಮ ಯಂತ್ರದಿಂದ ತೆಗೆಯಲಾಗಿದೆ ಎಂದು ಬರೆದು ರುಜು ಹಾಕಿದರು. ಹೆದರುವ ಮನುಷ್ಯ. ಅವರು ಅಷ್ಟು ಮಾಡಿದ್ದು ಸಣ್ಣದಲ್ಲ. ನಾನು ತುಂಡನ್ನು ಅಳಿಸಿದೆ. ಪರದೆಯ ಮೇಲೆ ಏನೂ ಆಗಲಿಲ್ಲ. ಕೆಳಗಿದ್ದ ಸಾಲುಗಳು ಮೇಲೆ ಸರಿದವು, ಅಷ್ಟೇ.

ಸಂಜೆಯ ಚೀಟಿ: ಏಳನೇ ನಂಬರು, ಎಂಟು ಪಾಯಿಂಟ್ ಎರಡು. ಹಳ್ಳ ತುಂಬಿರಲೇಬೇಕು. ಅಂದರೆ ದ್ಯಾವಮ್ಮ ಅದನ್ನು ಗೋಡೆಯಿಂದ ಓದಿದ್ದಾಳೆ. ಹಾಳೆ ಬಂತು: ಕೆಳ ಓಣಿ ಖಾಲಿ ಮಾಡಿಸಬೇಕು. ಸರ್ ಅದನ್ನು ಹರಿದಿಡಲಿಲ್ಲ. ತಾವೇ ಫೋನ್ ಹಚ್ಚಿದರು. ಆ ಕಡೆಯವರು ಎಮ್ಮೆಗಳನ್ನು ನೆನಪಿಸಿರಬೇಕು. ಸರ್ ಮುಖ ಕೆಂಪಾಯಿತು. ಆದರೂ ಗಟ್ಟಿಯಾಗಿ, "ಆವಾಗ ನಮ್ಮದು ತಪ್ಪಿತ್ರಿ. ಈಗ ತಿದ್ದೀವ್ರಿ. ನಂಬಿಕಿ ಇಲ್ಲಂದ್ರ ಜೀಪು ಕಳಸಿ ಗ್ವಾಡಿ ಮ್ಯಾಲಿನ ಅಂಕಿ ಓದಿಸ್ರಿ" ಎಂದರು.

ಜೀಪು ಹೋಯಿತು. ಕತ್ತಲಾಗುವ ಮೊದಲೇ ಕೆಳ ಓಣಿಯವರನ್ನು ಶಾಲೆಗೆ ಸಾಗಿಸಿದರು. ಮರುದಿನ ಮಧ್ಯಾಹ್ನ ನೀರು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ದಾಟಿ ಆ ಓಣಿಗೆ ನುಗ್ಗಿತು. ಎರಡು ಮಣ್ಣಿನ ಗೋಡೆ ಬಿದ್ದವು. ಮನೆಯಲ್ಲಿ ಯಾರೂ ಇರಲಿಲ್ಲ. ಸುದ್ದಿ ಬಂದಾಗ ಸರ್ ಎದ್ದುಹೋಗಿ ಪ್ರಿಂಟರಿನ ಮೇಲಿನ ಧೂಳನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ನಾನು ಮನೆಗೆ ಹೋಗಿ ಅವ್ವನ ಪಕ್ಕ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಉಳಿದ ಎರಡು ಉತ್ತರಗಳೂ ಸೆಪ್ಟೆಂಬರಿನಲ್ಲಿ ಬಂದವು. ಒಂದು ಜಿಲ್ಲೆಯವರು, ದಯವಿಟ್ಟು ತೆಗೆಯಬೇಡಿ ಎಂದು ಬರೆದಿದ್ದರು. ಯಾಕೆಂದು ಓದಿದರೆ, ಅವರಿಗೆ ಮೆಟ್ಟಿಲು ಹೊಳೆ ಯಾವುದೂ ಬೇಕಿರಲಿಲ್ಲ. ಆ ತುಂಡು ಓಡಿ ಮುಗಿದಾಗ ಪ್ರಿಂಟರ್ ಒಂದು ಹಾಳೆ ಖಾಲಿ ಬಿಡುತ್ತಿತ್ತಂತೆ. ಆ ಖಾಲಿ ಹಾಳೆಯಿಂದಲೇ ಅವರು ಎರಡು ವರದಿಗಳನ್ನು ಬೇರೆಮಾಡುತ್ತಿದ್ದರಂತೆ. ಅವರಿಗಾಗಿ ಹಾಳೆ ಬಿಡುವ ಒಂದು ಸಾಲು ಬರೆದು, ಯಾರಿಗಾಗಿ, ಯಾಕೆ, ಯಾವಾಗ ತೆಗೆಯಬಹುದು ಎಂಬುದನ್ನು ಪಕ್ಕದಲ್ಲೇ ನಮೂದಿಸಿದೆ. ಅಂದಿನಿಂದ ನೌಕರಿ ಮುಗಿಯುವವರೆಗೆ ಆ ಮೂರು ಮಾತು ಬರೆಯದೆ ನಾನು ಒಂದು ಸಾಲೂ ಸೇರಿಸಲಿಲ್ಲ.

ಹೊಸ ಫ್ಲಾಪಿಗಳ ಜೊತೆ ಕಳಿಸಲು ಒಂದು ಕಾಗದ ತಯಾರಾಯಿತು. ಅದೇ ವಾರ ಖಾಜಾ ಸಾಹೇಬರು ಕಣ್ಣಿನ ಡಾಕ್ಟರನ್ನು ಕಾಣಲು ರಾಯಚೂರಿಗೆ ಬಂದವರು ಕಚೇರಿಗೂ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆ ಮುಟ್ಟದೆ ನೇರವಾಗಿ ತಮ್ಮ ಹಳೆಯ ಕುರ್ಚಿಗೆ ಹೋಗಿ ಕೂತರು. ನಾನು ಕಾಗದ ಓದಿದೆ. ಸೀಢಿ ಎಂಬ ಭಾಗವನ್ನು ತೆಗೆಯಲಾಗಿದೆ. ಅದರ ಅರ್ಥ ಮೆಟ್ಟಿಲು. ಅಳತೆಕೋಲು ಇಲ್ಲದ ಕಾಲದಲ್ಲಿ ಖಾಜಾ ಹುಸೇನ್ ಅವರು ಬರೆದದ್ದು. ಈಗ ಅಳತೆಯನ್ನು ಸ್ಥಳದಲ್ಲೇ ಬರೆದಿರುವುದರಿಂದ ಅದರ ಅಗತ್ಯವಿಲ್ಲ. ಪ್ರೋಗ್ರಾಮಿನ ತುದಿಯಲ್ಲಿದ್ದ ಹೆಸರುಗಳ ಸಾಲಿನಿಂದ ಅವರ ಹೆಸರನ್ನು ತೆಗೆಯಲು ಮನಸ್ಸಿಲ್ಲವೆಂದೂ ಹೇಳಿದೆ.

"ತಗೀರಿ" ಎಂದರು. "ಹೆಸರು ಯಾಕಿರ್ತದ? ಏನಾರ ತಪ್ಪಿದ್ರ ಯಾರಿಗೆ ಕೇಳಬೇಕು ಅಂತ ಗೊತ್ತಾಗಾಕ. ನನ್ನ ಕೇಳಾಕ ಬಂದ್ರ ಇನ್ನ ಮ್ಯಾಲೆ ನಾ ಏನು ಹೇಳ್ಲಿ?" ಆಮೇಲೆ, "ಕಾಗದದಾಗ ದ್ಯಾವಮ್ಮನ ಹೆಸರಿಲ್ಲಲ್ಲ" ಎಂದರು.

"ಅದು ಪ್ರೋಗ್ರಾಮಿನ ಕಾಗದ ಅಂತ..."

"ಕೇಳಬೇಕಾದಾಕಿ ಆಕಿ. ಹಾಕ್ರಿ."

ಹಾಕಿದೆ. ಏಳನೇ ನಂಬರಿನ ಈಗಿನ ಬದಲಾವಣೆ: ದ್ಯಾವಮ್ಮ, ದೇವದುರ್ಗ ತಾಲೂಕು. ಕಾಗದ, ಫ್ಲಾಪಿ ನಾಲ್ಕು ಕಡೆ ಹೋದವು. ತಿಂಗಳ ಮೇಲೆ ಒಂದು ಜಿಲ್ಲೆಯಿಂದ ಉತ್ತರ ಬಂತು. ಹೊಸ ಪ್ರೋಗ್ರಾಂ ಚೆನ್ನಾಗಿ ಓಡುತ್ತಿದೆ ಎಂದು ಬರೆದು, ಕೊನೆಯಲ್ಲಿ ಕೇಳಿದ್ದರು: ದ್ಯಾವಮ್ಮ ಎಂಬ ಪ್ರೋಗ್ರಾಮರ್ ಹೊಸದಾಗಿ ಸೇರಿದವರೇ? ಯಾವ ತರಬೇತಿ ಪಡೆದಿದ್ದಾರೆ? ಮುಂದಿನ ಫ್ಲಾಪಿಯನ್ನು ಅವರ ವಿಳಾಸಕ್ಕೂ ಕಳಿಸಬೇಕೇ?

ವೆಂಕಟರಾವ್ ಸರ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದು ನಕ್ಕರು. ಉತ್ತರ ನಾನೇ ಬರೆದೆ. ದ್ಯಾವಮ್ಮ ಅವರು ಪ್ರೋಗ್ರಾಮರ್ ಅಲ್ಲ, ದಿನಕ್ಕೆರಡು ಸಲ ಹೊಳೆ ನೋಡುವವರು. ಫ್ಲಾಪಿ ಕಳಿಸುವುದು ಬೇಡ. ಆದರೆ ಏಳನೇ ನಂಬರಿನಲ್ಲಿ ಏನನ್ನಾದರೂ ಸೇರಿಸುವ ಮೊದಲು, ಇಲ್ಲವೇ ತೆಗೆಯುವ ಮೊದಲು, ದಯವಿಟ್ಟು ಅವರನ್ನು ಕೇಳಬೇಕು.